ಪದ ಪರಿಚಯ: ಫ್ಲೈಯಿಂಗ್ ಮೈಲ್

ವಾಹನಗಳ ವೇಗದ ದಾಖಲೆ ಬಗ್ಗೆ ಓದುವಾಗ 'ಫ್ಲೈಯಿಂಗ್ ಮೈಲ್' ಅನ್ನುವ ಮಾತು ಮತ್ತೆ ಮತ್ತೆ ಬರುತ್ತದೆ. ನಿಂತಲ್ಲಿಂದ ಹೊರಡದೆ, ಓಡುತ್ತಲೇ ಬಂದು ದಾಟುವ ಒಂದು ಮೈಲಿ ಅಂತ ಅರ್ಥ. ಬೈಕು ಮೊದಲು ಸಾಕಷ್ಟು ದೂರ ಓಡಿ ವೇಗ ಹಿಡಿಯುತ್ತದೆ. ಆಮೇಲೆ ಅಳೆದು ಗುರುತು ಮಾಡಿದ ಮೈಲಿ ಶುರು. ಅದನ್ನು ದಾಟಲು ಎಷ್ಟು ಸೆಕೆಂಡ್ ಹಿಡಿಯಿತು ಅನ್ನುವುದಷ್ಟೇ ಲೆಕ್ಕ. ಸ್ಪೀಡೋಮೀಟರ್ ಮುಳ್ಳು ಒಂದು ಕ್ಷಣ ಎಲ್ಲಿಗೆ ಹೋಗಿತ್ತು ಅಂತ ಯಾರೂ ಕೇಳುವುದಿಲ್ಲ.

ಅಷ್ಟೇ ಸಾಲದು. ಅದೇ ಮೈಲಿಯನ್ನು ಎದುರು ದಿಕ್ಕಿನಿಂದ ಇನ್ನೊಮ್ಮೆ ಓಡಬೇಕು. ಹೋಗುವಾಗ ಬೆನ್ನ ಹಿಂದಿನಿಂದ ತಳ್ಳಿದ ಗಾಳಿ ಬರುವಾಗ ಎದೆಗೆ ಹೊಡೆಯುತ್ತದೆ, ಅಲ್ವಾ? ಹಾಗಾಗಿ ಎರಡೂ ಓಟದ ಸರಾಸರಿಯೇ ದಾಖಲೆ. ಮೊದಲ ಓಟದಲ್ಲೇ ಇಂಜಿನ್ ಕೈಕೊಟ್ಟರೆ ದಾಖಲೆಯೂ ಇಲ್ಲ.

ಈ ನಿಯಮ ಎಷ್ಟು ಕಟ್ಟುನಿಟ್ಟು ಅಂತ ತಿಳಿಯಲು ಬರ್ಟ್ ಮನ್ರೋ ಅವರ ಕತೆ ನೋಡಬೇಕು. ನ್ಯೂಜಿಲೆಂಡಿನ ಇನ್ವರ್ಕಾರ್ಗಿಲ್ ಊರಿನವರು. ಅವರ ಬೈಕು 1920ರ ಇಂಡಿಯನ್ ಸ್ಕೌಟ್. (ಇಂಡಿಯನ್ ಅಂದರೆ ಅಮೆರಿಕದ ಒಂದು ಮೋಟಾರ್‌ಸೈಕಲ್ ಕಂಪನಿ. ನಮ್ಮ ದೇಶಕ್ಕೂ ಅದಕ್ಕೂ ಸಂಬಂಧವಿಲ್ಲ.) 600 ಸಿಸಿಯ ಆ ಬೈಕು ಹೊಸದರಲ್ಲಿ ಗಂಟೆಗೆ 55 ಮೈಲಿ, ಅಂದರೆ 90 ಕಿ.ಮೀ. ಹತ್ತಿರ ಓಡುತ್ತಿತ್ತು. ದೊಡ್ಡ ಕಂಪನಿಯ ಬೆಂಬಲ ಇಲ್ಲ, ಇಂಜಿನಿಯರ್‌ಗಳ ತಂಡ ಇಲ್ಲ. ತಮ್ಮ ಶೆಡ್ಡಿನಲ್ಲೇ ಪಿಸ್ಟನ್ ಎರಕ ಹೊಯ್ದುಕೊಂಡು, ದಶಕಗಟ್ಟಲೆ ಅದೇ ಬೈಕನ್ನು ಬಿಚ್ಚಿ ಜೋಡಿಸುತ್ತಾ ಇದ್ದರು.

1967ರಲ್ಲಿ, 68ನೇ ವಯಸ್ಸಿನಲ್ಲಿ, ಅಮೆರಿಕದ ಯೂಟಾ ರಾಜ್ಯದ ಬಾನ್‌ವಿಲ್ ಉಪ್ಪಿನ ಬಯಲಿಗೆ ಅದನ್ನು ತಂದರು. ಅರ್ಹತೆಯ ಓಟದಲ್ಲಿ ಗಂಟೆಗೆ 190.07 ಮೈಲಿ ಬಂತು. ಅದು ಒಂದೇ ದಿಕ್ಕಿನ ಓಟ, ದಾಖಲೆಗೆ ಸಲ್ಲಲಿಲ್ಲ. ಆಮೇಲೆ ಉತ್ತರಕ್ಕೆ 184.710, ದಕ್ಷಿಣಕ್ಕೆ 183.463. ಅಂದರೆ ಒಂದು ಮೈಲಿಗೆ ಇಪ್ಪತ್ತು ಸೆಕೆಂಡೂ ಹಿಡಿಯಲಿಲ್ಲ! ಸರಾಸರಿ 184.087 ಆಗಬೇಕಿತ್ತು. ಕೂಡಿ ಭಾಗಿಸುವಲ್ಲಿ ಎಡವಟ್ಟಾಗಿ ದಾಖಲೆಗೆ ಹೋದದ್ದು 183.586. ಎಷ್ಟೋ ವರ್ಷದ ಮೇಲೆ ಇದು ಮನ್ರೋ ಅವರ ಮಗನ ಕಣ್ಣಿಗೆ ಬಿತ್ತು. ಅಮೆರಿಕದ ಮೋಟಾರ್‌ಸೈಕಲ್ ಸಂಘ 2014ರಲ್ಲಿ ಅದನ್ನು ತಿದ್ದಿತು. ಮನ್ರೋ 1978ರಲ್ಲೇ ತೀರಿಕೊಂಡಿದ್ದರು.

ಇನ್ನೊಂದು ಮಾತು. ಇದು ಎಲ್ಲ ಬೈಕುಗಳ ನಡುವಿನ ದಾಖಲೆ ಅಲ್ಲ. ಇಂಜಿನ್ ಗಾತ್ರ, ಹೊರಕವಚ ನೋಡಿ ವಾಹನಗಳನ್ನು ವರ್ಗ ಮಾಡುತ್ತಾರೆ. ಇದು 1000 ಸಿಸಿ ಒಳಗಿನ ವರ್ಗದ್ದು.

ಮನ್ರೋ ಅವರ ಮೇಲೆ 2005ರಲ್ಲಿ 'ದಿ ವರ್ಲ್ಡ್ಸ್ ಫಾಸ್ಟೆಸ್ಟ್ ಇಂಡಿಯನ್' ಸಿನಿಮಾ ಬಂತು. ಆಂಟನಿ ಹಾಪ್ಕಿನ್ಸ್ ಮನಸ್ಸು ತುಂಬುವಂತೆ ನಟಿಸಿದ್ದಾರೆ, ನೋಡದಿದ್ದರೆ ಖಂಡಿತ ನೋಡಿ. ಅದರಲ್ಲಿ ಮನ್ರೋ ಅವರ ಹಲವು ಪ್ರಯಾಣಗಳನ್ನು ಒಂದೇ ಮಾಡಿದ್ದಾರೆ, ವೇಗ 200 ಮೈಲಿ ದಾಟುತ್ತದೆ. ಸಿನಿಮಾಕ್ಕೆ ಅದು ಬೇಕು, ಸರಿ. ನನಗೆ ಮಾತ್ರ 184.087 ಜಾಸ್ತಿ ಇಷ್ಟ. 47 ವರ್ಷ ಹಳೆಯ ಬೈಕಿನಲ್ಲಿ ಹೋಗಿ, ತಿರುಗಿ ಬಂದು ಗಳಿಸಿದ ಸಂಖ್ಯೆ ಅದು.