ಪತಂಗ ಕೂರುವುದು ಎಲ್ಲಿ? ಬಣ್ಣದ ಮರೆಯ ಹಳೇ ಜಗಳ

ಹುಲಿಯ ಮೈ ಕಿತ್ತಳೆ, ಕಾಡು ಹಸಿರು. ಆದರೂ ಜಿಂಕೆ ಮೋಸ ಹೋಗುತ್ತದೆ. ಅದರ ಕಣ್ಣಿಗೆ ಈ ಎರಡು ಬಣ್ಣಗಳ ನಡುವೆ ಹೆಚ್ಚು ವ್ಯತ್ಯಾಸ ಕಾಣುವುದಿಲ್ಲ. ಅಡಗಬೇಕಾದ್ದು ನಮ್ಮ ಕಣ್ಣಿಂದಲ್ಲ, ಬೇಟೆಯ ಕಣ್ಣಿಂದ. ಇದು ತಲೆಗೆ ಹತ್ತೋಕೆ ತುಂಬಾ ಕಾಲ ಬೇಕಾಯಿತು.

1896ರಲ್ಲಿ ಅಮೆರಿಕದ ಚಿತ್ರಕಾರ ಅಬಾಟ್ ಥೇಯರ್ ಒಂದು ವಿಷಯ ಗಮನಿಸಿದರು. ಬೆನ್ನು ಗಾಢ, ಹೊಟ್ಟೆ ತಿಳಿ ಇದ್ದರೆ ನೆರಳು ಅಳಿಸಿದಂತಾಗಿ ಪ್ರಾಣಿ ಚಪ್ಪಟೆಯಾಗಿ ಕಾಣುತ್ತದೆ. ಅದು ಸರಿಯೇ. ಆದರೆ ಫ್ಲೆಮಿಂಗೊದ ಗುಲಾಬಿ ಬಣ್ಣವೂ ಸಂಜೆಯ ಆಕಾಶದಲ್ಲಿ ಅಡಗೋಕೆ ಎಂದಾಗ ಅನೇಕರು ಒಪ್ಪಲಿಲ್ಲ.

ನಿಜವಾಗಿ ಗೋಜಲಾಗಿದ್ದು ಇಂಗ್ಲೆಂಡಿನ ಪೆಪ್ಪರ್ಡ್ ಪತಂಗದ ಕಥೆ. ಬಿಳಿ ಮೈ, ಮೇಲೆ ಮೆಣಸಿನಪುಡಿ ಉದುರಿಸಿದಂಥ ಚುಕ್ಕೆ. ಕಲ್ಲುಹೂವು ಬೆಳೆದ ಮರದ ಮೇಲೆ ಕೂತರೆ ತಿನ್ನಲು ಬರುವ ಹಕ್ಕಿಗಳಿಗೆ ಕಾಣುವುದೇ ಇಲ್ಲ. ಕಾರ್ಖಾನೆಗಳ ಮಸಿಗೆ ಮರಗಳು ಕಪ್ಪಾದವು. 1848ರಲ್ಲಿ ಮ್ಯಾಂಚೆಸ್ಟರಿನಲ್ಲಿ ಕಪ್ಪು ಪತಂಗ ಸಿಕ್ಕಿತು. 1895ರ ಹೊತ್ತಿಗೆ ಅಲ್ಲಿ ನೂರರಲ್ಲಿ ಸುಮಾರು 98 ಕಪ್ಪೇ.

1950ರ ದಶಕದಲ್ಲಿ ವಿಜ್ಞಾನಿ ಬರ್ನಾರ್ಡ್ ಕೆಟಲ್‌ವೆಲ್ ಗುರುತು ಹಾಕಿದ ಪತಂಗಗಳನ್ನು ಬಿಟ್ಟು ಮತ್ತೆ ಹಿಡಿದರು. ಬರ್ಮಿಂಗ್‌ಹ್ಯಾಮಿನ ಮಸಿ ಹಿಡಿದ ಕಾಡಿನಲ್ಲಿ ಕಪ್ಪು ಪತಂಗ ಜಾಸ್ತಿ ಉಳಿದಿದ್ದವು. ಡಾರ್ಸೆಟ್‌ನ ಶುಭ್ರ ಕಾಡಿನಲ್ಲಿ ಬಿಳಿಯವು. ಈ ಫಲಿತಾಂಶ ಪಠ್ಯಪುಸ್ತಕ ಸೇರಿತು.

ಆಮೇಲೆ ಪ್ರಶ್ನೆಗಳು ಎದ್ದವು. ಪತಂಗ ಹಗಲು ಕೂರುವುದು ಕಾಂಡದ ಮೇಲೇನಾ, ಮೇಲಿನ ಕೊಂಬೆಯಲ್ಲಾ? ಕೆಲವು ಪ್ರಸಿದ್ಧ ಫೋಟೋಗಳಲ್ಲಿ ಸತ್ತ ಪತಂಗಗಳನ್ನು ಅಂಟಿಸಲಾಗಿತ್ತು. 1990ರ ದಶಕದ ಕೊನೆಗೆ ಇಡೀ ಪ್ರಯೋಗವೇ ಮೋಸ ಎಂಬ ಮಾತು ಹಬ್ಬಿತು. ಪ್ರಶ್ನೆಗಳು ನ್ಯಾಯವಾದವೇ. ಆದರೆ ಪ್ರಯೋಗದಲ್ಲಿ ಕೊರತೆ ಇರುವುದು ಬೇರೆ, ಸುಳ್ಳು ಹೇಳುವುದು ಬೇರೆ, ಅಲ್ವಾ? ಆ ವ್ಯತ್ಯಾಸ ಗದ್ದಲದಲ್ಲಿ ಕಳೆದುಹೋಯಿತು.

ಗದ್ದಲಕ್ಕೆ ಉತ್ತರ ಕೊಟ್ಟಿದ್ದು ವಿಜ್ಞಾನಿ ಮೈಕಲ್ ಮಜೆರಸ್ ಅವರ ತಾಳ್ಮೆ. ಕೇಂಬ್ರಿಡ್ಜಿನ ತಮ್ಮ ತೋಟದಲ್ಲಿ 2001ರಿಂದ ಹಲವು ವರ್ಷ 4,864 ಪತಂಗಗಳನ್ನು ಬಿಟ್ಟರು. ಮರ ಹತ್ತಿ, ಅವು ತಾವಾಗಿ ಎಲ್ಲಿ ಕೂರುತ್ತವೆ ಎಂದು ಹುಡುಕಿದರು. ಕೊಂಬೆಗಳಲ್ಲೇ ಹೆಚ್ಚು, ಆದರೆ ಮೂರರಲ್ಲಿ ಒಂದರಷ್ಟು ಕಾಂಡದ ಮೇಲೂ ಇದ್ದವು. ಹಕ್ಕಿಗಳು ತಿನ್ನುವುದನ್ನು ಕಣ್ಣಾರೆ ನೋಡಿದರು. ಅಷ್ಟರಲ್ಲಿ ಗಾಳಿ ಶುಭ್ರವಾಗಿತ್ತು, ಈ ಸಲ ಹೆಚ್ಚು ಬಲಿಯಾದದ್ದು ಕಪ್ಪು ಪತಂಗಗಳು. 2009ರಲ್ಲಿ ಅವರು ತೀರಿಕೊಂಡರು. ಬರೆಯದೆ ಉಳಿದಿದ್ದ ಲೆಕ್ಕವನ್ನು ನಾಲ್ವರು ವಿಜ್ಞಾನಿಗಳು ಸೇರಿ 2012ರಲ್ಲಿ ಪ್ರಕಟಿಸಿದರು.