ನಾವು ಮುಟ್ಟೇ ಇಲ್ಲ ಅಂದ ಫಂಕ್ಷನ್ನನ್ನೂ ಟೆಸ್ಟ್ ಮಾಡಿ

"ಸರ್, ಆ ಫಂಕ್ಷನ್ ನಾವು ಮುಟ್ಟೇ ಇಲ್ಲರೀ."

ರಾಯಚೂರು, ಸಿಂಧನೂರು, ಗಂಗಾವತಿ ಕಡೆಯ ರೈಸ್ ಮಿಲ್ಲು, ಹತ್ತಿ ಅಂಗಡಿಗಳಿಗೆ ಡೇಟಾಬೇಸ್ ಕೆಲಸ ಮಾಡಿಕೊಡುವ ನನಗೆ ಈ ಮಾತು ಕೇಳಿ ಕೇಳಿ ಸಾಕಾಗಿದೆ. ಫಂಕ್ಷನ್ ಅಂದರೆ ಕೊಟ್ಟದ್ದಕ್ಕೆ ಲೆಕ್ಕ ಮಾಡಿ ಉತ್ತರ ಕೊಡುವ ಕೋಡ್ ತುಣುಕು. ಹೇಳುವ ಹುಡುಗರು ಸುಳ್ಳು ಹೇಳುತ್ತಿರುವುದಿಲ್ಲ. ಅವರು ನಿಜವಾಗಿಯೂ ಮುಟ್ಟಿರುವುದಿಲ್ಲ. ಆದರೂ ಉತ್ತರ ಬದಲಾಗಿರುತ್ತದೆ, ಮತ್ತು ಅದು ಬದಲಾಗಿದ್ದು ಗಂಜ್‌ನಲ್ಲಿ ರೈತ ಪಟ್ಟಿ ಕೈಯಲ್ಲಿ ಹಿಡಿದು ಲೆಕ್ಕ ಕೇಳಿದಾಗಲೇ ಗೊತ್ತಾಗುತ್ತದೆ.

ರಿಗ್ರೆಶನ್ ಟೆಸ್ಟ್, ಅಂದರೆ ಏನಾದರೂ ಬದಲಿಸಿದ ಮೇಲೂ ಹಳೆಯ ಉತ್ತರವೇ ಬರುತ್ತದೆಯೋ ಅಂತ ನೋಡುವ ಟೆಸ್ಟ್, ಬರೆಯುವುದು ಹೇಗೆ ಅನ್ನುವುದಕ್ಕೆ ನಾನು ಹೋಗುವುದಿಲ್ಲ, ಅದು ನಿಮಗೆ ಗೊತ್ತು. ಹೇಳುವುದು ಒಂದೇ. ನೀವು ಬರೆದ ಫಂಕ್ಷನ್‌ಗಳ ಜೊತೆ, ಡೇಟಾಬೇಸ್ ಜೊತೆಗೇ ಬಂದ ಬಿಲ್ಟ್-ಇನ್ ಫಂಕ್ಷನ್‌ಗಳನ್ನೂ ಟೆಸ್ಟ್‌ಗೆ ಸೇರಿಸಿ. ಪೋಸ್ಟ್‌ಗ್ರೆಸ್ ಅನ್ನುವ ಡೇಟಾಬೇಸ್‌ನಲ್ಲಿ, ಸಂಖ್ಯೆಯನ್ನು ಹತ್ತಿರದ ಪೂರ್ಣ ಸಂಖ್ಯೆಗೆ ತರುವ ರೌಂಡ್ ಇದ್ದ ಹಾಗೆ. ಹೀಗಂದ ಕೂಡಲೇ ಎದುರಿಗೆ ಬರುವ ಪ್ರಶ್ನೆ: "ರೌಂಡ್ ಬರೆದವರು ಪೋಸ್ಟ್‌ಗ್ರೆಸ್‌ನವರು. ಅವರು ಟೆಸ್ಟ್ ಮಾಡಿರ್ತಾರಲ್ರೀ?" ಮಾಡಿರುತ್ತಾರೆ, ನಮಗಿಂತ ನೂರು ಪಟ್ಟು ಚೆನ್ನಾಗಿ ಮಾಡಿರುತ್ತಾರೆ. ರೌಂಡ್ ಸರಿಯಾಗಿದೆಯೋ ಇಲ್ಲವೋ ಅಂತ ನೀವು ನೋಡುತ್ತಿಲ್ಲ. ನಿಮ್ಮ ಟೇಬಲ್ಲಿನಲ್ಲಿ, ನಿಮ್ಮ ಕಾಲಂ ಮೇಲೆ, ನಿನ್ನೆ ಕೊಟ್ಟ ಉತ್ತರವನ್ನೇ ಇವತ್ತೂ ಕೊಡುತ್ತದೆಯೋ ಅಂತ ನೋಡುತ್ತಿದ್ದೀರಿ. ಎರಡೂ ಬೇರೆ ಬೇರೆ ಪ್ರಶ್ನೆ. ಹತ್ತಿ ಅಂಗಡಿಯವರು ತೂಕದ ಯಂತ್ರ ತಾವು ಮಾಡಿದ್ದಲ್ಲ ಅಂತ ಸುಮ್ನೆ ಬಿಡುವುದಿಲ್ಲ, ಗೊತ್ತಿರುವ ತೂಕದ ಕಲ್ಲು ಇಟ್ಟು ನೋಡುತ್ತಾರೆ ಅಲ್ವಾ?

ಒಂದು ಕಡೆ ಆಗಿದ್ದನ್ನೇ ಹೇಳುತ್ತೇನೆ. ಅಂಗಡಿ ಹೆಸರು ಬೇಡ. ಅಲ್ಲಿ ಒಂದು ಫಂಕ್ಷನ್ ಇತ್ತು. ತೂಕವನ್ನು ಟೇಬಲ್‌ನಿಂದ ತಾನೇ ಓದಿ, ಕ್ವಿಂಟಲ್ ದರಕ್ಕೆ ಗುಣಿಸಿ, ರೌಂಡ್ ಮಾಡಿ ಪೂರ್ಣ ರೂಪಾಯಿ ಕೊಡುತ್ತಿತ್ತು. ಆರೂವರೆ ಕ್ವಿಂಟಲ್ ಹತ್ತಿ, ದರ 7,001 ರೂಪಾಯಿ ಅಂದುಕೊಳ್ಳಿ. ಗುಣಿಸಿದರೆ 45,506.50. ರೌಂಡ್ ಆಗಿ 45,507. ಸರಿ. ಆಮೇಲೆ ಒಬ್ಬ ಹುಡುಗ, ಒಳ್ಳೆ ಕೆಲಸಗಾರ, ರಿಪೋರ್ಟ್ ಬೇಗ ಬರಲಿ ಅಂತ ತೂಕದ ಕಾಲಂ ಅನ್ನು ನ್ಯೂಮರಿಕ್‌ನಿಂದ (ದಶಮಾಂಶವನ್ನು ಇದ್ದ ಹಾಗೇ ಇಡುವ ವಿಧ) ಡಬಲ್ ಪ್ರಿಸಿಷನ್‌ಗೆ (ವೇಗದ, ಆದರೆ ಅಂದಾಜಾಗಿ ಇಡುವ ವಿಧ) ಬದಲಿಸಿದ. ಫಂಕ್ಷನ್‌ನ ಒಂದು ಸಾಲೂ ಮುಟ್ಟಲಿಲ್ಲ. ಉತ್ತರ 45,506 ಆಯಿತು.

ಯಾಕೆ? ಪೋಸ್ಟ್‌ಗ್ರೆಸ್‌ನಲ್ಲಿ ರೌಂಡ್ ಅನ್ನುವ ಹೆಸರು ಒಂದೇ, ಒಳಗೆ ಇರುವುದು ಬೇರೆ ಬೇರೆ ಫಂಕ್ಷನ್. ನ್ಯೂಮರಿಕ್ ಕೊಟ್ಟರೆ ಅರ್ಧವನ್ನು ಮೇಲಕ್ಕೆ, ಅಂದರೆ ಸೊನ್ನೆಯಿಂದ ದೂರಕ್ಕೆ ಒಯ್ಯುತ್ತದೆ. ಡಬಲ್ ಕೊಟ್ಟರೆ ಹೆಚ್ಚಿನ ಯಂತ್ರಗಳಲ್ಲಿ ಅದೇ ಅರ್ಧವನ್ನು ಹತ್ತಿರದ ಸಮ ಸಂಖ್ಯೆಗೆ ಒಯ್ಯುತ್ತದೆ. ಗುಣಿಸುವ ಎರಡರಲ್ಲಿ ಒಂದು ಡಬಲ್ ಆದರೂ ಸಾಕು, ಉತ್ತರ ಡಬಲ್ ಆಗುತ್ತದೆ. ಈಗ ದರವನ್ನು 7,003 ಮಾಡಿ ನೋಡಿ. 45,519.50 ಬರುತ್ತದೆ. ಎರಡು ರೀತಿಯಲ್ಲೂ 45,520! ಹುಡುಗ ಟೆಸ್ಟ್ ಮಾಡಿದ್ದು ಇಂಥದ್ದೇ ಒಂದು ಲೆಕ್ಕದ ಮೇಲೆ. ಸರಿ ಬಂತು, ಕಳಿಸಿಬಿಟ್ಟ. ಅರ್ಧ ರೂಪಾಯಿ ಬಂದಾಗಲೂ ಒಮ್ಮೆ ತಪ್ಪು, ಒಮ್ಮೆ ಸರಿ. ಹಾಗಾಗಿ ಎರಡೂ ಜಾತಿಯ ಲೆಕ್ಕ ಟೆಸ್ಟ್‌ನಲ್ಲಿ ಇರಬೇಕು. ವಾಪಸ್ಸಿನ ಲೆಕ್ಕ ಇದ್ದರೆ ಮೈನಸ್ ಸಂಖ್ಯೆಯೂ ಇರಲಿ.

ಒಂದು ರೂಪಾಯಿ ತಾನೇ ಅನ್ನಬೇಡಿ. ಆ ರೈತ ಹತ್ತಿ ಬಿಡಿಸಿ, ಗಾಡಿ ಬಾಡಿಗೆ ಕೊಟ್ಟು, ಹಮಾಲಿ ಕೊಟ್ಟು ಬಂದಿರುತ್ತಾನೆ. ಅವನ ಫೋನಿನ ಕ್ಯಾಲ್ಕುಲೇಟರ್ 45,506.50 ಅಂತ ತೋರಿಸುತ್ತದೆ, ನಿಮ್ಮ ಪಟ್ಟಿ ಕಡಿಮೆ ತೋರಿಸುತ್ತದೆ. ಅವನು ಇನ್ನು ಆ ಅಂಗಡಿಯ ಯಾವ ಅಂಕಿಯನ್ನೂ ನಂಬುವುದಿಲ್ಲ. ಬೈಸಿಕೊಳ್ಳುವುದು ಗುಮಾಸ್ತ.

ಕನ್ನಡ ಪಠ್ಯ ಇದ್ದರಂತೂ ಇನ್ನೂ ಜಾಸ್ತಿ ಹುಷಾರಾಗಿರಿ. "ಕೊಪ್ಪಳ" ಅನ್ನುವ ಹೆಸರು ತೊಗೊಳ್ಳಿ. ಕಣ್ಣಿಗೆ ಮೂರು ಅಕ್ಷರ. ಪೋಸ್ಟ್‌ಗ್ರೆಸ್‌ನ ಲೆಂಗ್ತ್ ಫಂಕ್ಷನ್ 6 ಅನ್ನುತ್ತದೆ, ಯಾಕೆಂದರೆ ಸ್ವರ ಚಿಹ್ನೆ, ಒತ್ತಕ್ಷರದ ವಿರಾಮ ಚಿಹ್ನೆ (್) ಎಲ್ಲವನ್ನೂ ಎಣಿಸುತ್ತದೆ. ಮೈಎಸ್‌ಕ್ಯೂಎಲ್ ಅನ್ನುವ ಇನ್ನೊಂದು ಡೇಟಾಬೇಸ್‌ನ ಲೆಂಗ್ತ್ 18 ಅನ್ನುತ್ತದೆ, ಅದು ಎಣಿಸುವುದು ಬೈಟ್‌ಗಳನ್ನು (ಕಂಪ್ಯೂಟರ್ ಅಕ್ಷರ ಇಡುವ ಸಣ್ಣ ಘಟಕ). ನಿಮ್ಮ ಫಂಕ್ಷನ್‌ಗಳ ಕಟ್ಟನ್ನು, ಅಂದರೆ ಲೈಬ್ರರಿಯನ್ನು, ಮೈಎಸ್‌ಕ್ಯೂಎಲ್‌ನಿಂದ ಪೋಸ್ಟ್‌ಗ್ರೆಸ್‌ಗೆ ತಂದರೆ ಕೋಡ್ ಹಾಗೇ ಓಡುತ್ತದೆ, ಎರರ್ ಬರುವುದಿಲ್ಲ, ಲೆಕ್ಕ ಮಾತ್ರ ಬೇರೆ. ಇನ್ನೊಂದು ಇದೆ. ಯೂನಿಕೋಡ್‌ನಲ್ಲಿ "ಕೊ" ಅನ್ನು ಎರಡು ಥರ ಬರೆಯಬಹುದು. ಒತ್ವದ ಒಂದೇ ಚಿಹ್ನೆ ಹಾಕಿ, ಇಲ್ಲವೇ ಎತ್ವದ ಚಿಹ್ನೆ ಮತ್ತು ಊತ್ವದ ಚಿಹ್ನೆ ಎರಡನ್ನೂ ಸೇರಿಸಿ. ಪರದೆ ಮೇಲೆ ಒಂದೇ ಥರ ಕಾಣುತ್ತವೆ. ಎರಡನೆಯದರ ಉದ್ದ 7. ಸಮ ಇದೆಯಾ ಅಂತ ಕೇಳಿದರೆ ಡೇಟಾಬೇಸ್ ಇಲ್ಲ ಅನ್ನುತ್ತದೆ. ಊರಿನ ಹೆಸರಿನಲ್ಲಿ ಹುಡುಕಿದರೆ ಅರ್ಧ ರೈತರು ಸಿಗುವುದೇ ಇಲ್ಲ. 2020ರಲ್ಲಿ ಬಂದ ಪೋಸ್ಟ್‌ಗ್ರೆಸ್ 13ರಿಂದ ಇದಕ್ಕೆ, ಎರಡನ್ನೂ ಒಂದೇ ರೂಪಕ್ಕೆ ತರುವ, ನಾರ್ಮಲೈಸ್ ಅನ್ನುವ ಬಿಲ್ಟ್-ಇನ್ ಇದೆ. ನಿಮ್ಮ ಊರಿನ ಹೆಸರು ಎರಡೂ ರೂಪದಲ್ಲಿ ಟೆಸ್ಟ್ ಒಳಗೆ ಇರಲೇಬೇಕು. ಕೊಪ್ಪಳದ ಗಿರಾಕಿ ಇಲ್ಲದಿದ್ದರೂ ಈ ಹೆಸರನ್ನು ಹಾಕಿಕೊಳ್ಳಿ, ಟೆಸ್ಟ್‌ಗೆ ಒಳ್ಳೆ ಹೆಸರು.

ಎಸ್‌ಕ್ಯೂಲೈಟ್ ಅನ್ನುವ ಡೇಟಾಬೇಸ್ ಬಳಸುವವರಿಗೆ ಬೇರೆ ಥರದ ತೊಂದರೆ. ಅದರಲ್ಲಿ ಬಿಲ್ಟ್-ಇನ್ ಹೆಸರಿನಲ್ಲೇ, ಅಷ್ಟೇ ಆರ್ಗ್ಯುಮೆಂಟ್‌ಗಳಿರುವ (ಒಳಗೆ ಕೊಡುವ ಮೌಲ್ಯಗಳಿರುವ) ನಿಮ್ಮ ಫಂಕ್ಷನ್ ಸೇರಿಸಿದರೆ ನಿಮ್ಮದೇ ನಡೆಯುತ್ತದೆ. 2023ರಲ್ಲಿ 3.44ನೇ ಆವೃತ್ತಿಗೆ ಪದಗಳನ್ನು ಜೋಡಿಸುವ ಕಾನ್‌ಕ್ಯಾಟ್ ಬಂತು. ಅದಕ್ಕೂ ಮೊದಲು ಎಷ್ಟೋ ಲೈಬ್ರರಿಗಳಲ್ಲಿ ಕೈಯಿಂದ ಬರೆದ ಕಾನ್‌ಕ್ಯಾಟ್ ಇತ್ತು. ಈಗ ಬಿಲ್ಟ್-ಇನ್ ಇದೆಯಲ್ಲ ಅಂತ ಹಳೆಯದನ್ನು ಕಿತ್ತು ಹಾಕುತ್ತಾರೆ. ಹಳೆಯದು ತಂದೆಯ ಹೆಸರು ನಲ್ (ಏನೂ ತುಂಬಿಲ್ಲ) ಇದ್ದರೆ ಪೂರ್ತಿ ನಲ್ ಕೊಡುತ್ತಿತ್ತು ಅಂದುಕೊಳ್ಳಿ. ಬಿಲ್ಟ್-ಇನ್ ನಲ್ ಅನ್ನು ಖಾಲಿ ಅಂತ ತಿಳಿದು ಅರ್ಧ ಹೆಸರು ಕೊಡುತ್ತದೆ. ಯಾವುದು ಒಳ್ಳೆಯದು ಅನ್ನುವುದು ನಿಮ್ಮ ಕೆಲಸದ ಮೇಲೆ. ಆದರೆ ಬದಲಾಗಿದ್ದು ನಿಮಗೆ ಮೊದಲು ಗೊತ್ತಾಗಬೇಕು, ಗಿರಾಕಿಗೆ ಅಲ್ಲ.

ಬರಬೇಕಾದ ಉತ್ತರವನ್ನು ಕೈಯಲ್ಲಿ ಲೆಕ್ಕ ಹಾಕಿ ಬರೆದಿಡಿ. ಅದೇ ಫಂಕ್ಷನ್ ಓಡಿಸಿ ಬಂದ ಉತ್ತರದ ಜೊತೆ ಅದೇ ಫಂಕ್ಷನ್ನನ್ನು ಹೋಲಿಸುವವರನ್ನು ನೋಡಿದ್ದೇನೆ. ಅದು ಯಾವತ್ತೂ ಪಾಸ್ ಆಗುತ್ತದೆ. ಪೋಸ್ಟ್‌ಗ್ರೆಸ್‌ನವರ ಸೋರ್ಸ್ ತೆಗೆದು ನೋಡಿ, ಬರಬೇಕಾದ ಉತ್ತರಗಳ ಫೋಲ್ಡರ್ ಬೇರೆಯೇ ಇದೆ, ಓಡಿಸಿದಾಗ ಬಂದದ್ದನ್ನು ಸಾಲು ಸಾಲಾಗಿ ಅದಕ್ಕೆ ಹೋಲಿಸುತ್ತಾರೆ. ಎಸ್‌ಕ್ಯೂಲೈಟ್‌ನವರಂತೂ ಒಂದು ಬಗ್ ಬಂದರೆ, ಆ ಬಗ್ ಹಿಡಿಯುವ ಟೆಸ್ಟ್ ಸೇರುವವರೆಗೆ ಸರಿಪಡಿಸಿದ್ದೇವೆ ಅಂತ ಅನ್ನುವುದಿಲ್ಲ. ನನ್ನ ಹತ್ತಿರ ಕಲಿಯಲು ಬರುವ ಇಲ್ಲಿನ ಕಾಲೇಜು ಮಕ್ಕಳಿಗೆ ಮೊದಲು ಇದನ್ನೇ ಮಾಡಿಸುತ್ತೇನೆ. ಬೇಜಾರು ಮಾಡಿಕೊಳ್ಳುತ್ತಾರೆ, ಆದರೆ ಒಮ್ಮೆ ಹಿಡಿತ ಸಿಕ್ಕಿತೆಂದರೆ ನನಗಿಂತ ಚೆನ್ನಾಗಿ ಅಂಚಿನ ಲೆಕ್ಕ ಹುಡುಕುತ್ತಾರೆ.

ಕೊನೆಗೆ ಅಪ್‌ಗ್ರೇಡ್ ವಿಷಯ. ಡೇಟಾಬೇಸ್ ಮುಟ್ಟದೆ ಬರೀ ಲಿನಕ್ಸ್ ಬದಲಿಸಿದರೂ ಉತ್ತರ ಬದಲಾಗಬಹುದು. 2018ರಲ್ಲಿ ಲಿನಕ್ಸ್‌ನ ಮೂಲ ಲೈಬ್ರರಿ ಜಿಲಿಬ್‌ಸಿ 2.28 ಬಂದಾಗ ಅಕ್ಷರಗಳನ್ನು ಜೋಡಿಸುವ ಕ್ರಮ ಬದಲಾಯಿತು, ಪೋಸ್ಟ್‌ಗ್ರೆಸ್‌ನ ಹಳೆಯ ಪಠ್ಯ ಇಂಡೆಕ್ಸ್‌ಗಳು (ಬೇಗ ಹುಡುಕಲು ಕ್ರಮವಾಗಿ ಜೋಡಿಸಿಟ್ಟ ಸೂಚಿಗಳು) ಹೊಸ ಕ್ರಮಕ್ಕೆ ಹೊಂದದೆ ಇದ್ದ ಸಾಲುಗಳೂ ಸಿಗದಂತಾಗುವ ಅಪಾಯ ಬಂತು. ನಿಮ್ಮ ಸ್ವಂತ ಫಂಕ್ಷನ್ ಮೇಲೆ ಇಂಡೆಕ್ಸ್ ಕಟ್ಟಿದ್ದರೆ, ಆ ಫಂಕ್ಷನ್‌ನ ಉತ್ತರ ಬದಲಾದಾಗಲೂ ಇದೇ ಕಥೆ. ಅದಕ್ಕೇ ಹಳೆ ಯಂತ್ರ, ಹೊಸ ಯಂತ್ರ ಎರಡರಲ್ಲೂ ಅದೇ ಟೆಸ್ಟ್ ಓಡಿಸಿ ವ್ಯತ್ಯಾಸ ನೋಡಿ, ಸಂಶಯ ಬಂದ ಇಂಡೆಕ್ಸ್‌ಗಳನ್ನು ರೀಇಂಡೆಕ್ಸ್ ಮಾಡಿ, ಅಂದರೆ ಹೊಸದಾಗಿ ಕಟ್ಟಿ. ದೊಡ್ಡ ಟೇಬಲ್ ಇದ್ದರೆ ಸಮಯ ಹಿಡಿಯುತ್ತದೆ. ಅಂಗಡಿ ಮುಚ್ಚಿದ ಮೇಲೆ ಮಾಡಿ, ಹತ್ತಿ ಸೀಸನ್‌ನಲ್ಲಂತೂ ಬೇಡವೇ ಬೇಡ.