ಮಳೆ ಬಾರದಿದ್ದರೆ ಯಾರ ತಪ್ಪು, ಬೀಜ ಹುಟ್ಟದಿದ್ದರೆ ಯಾರ ತಪ್ಪು?

ಪ್ರಶ್ನೆ: ಬಿತ್ತಿದ ಶೇಂಗಾ ಅರ್ಧಕ್ಕರ್ಧ ಹುಟ್ಟಲೇ ಇಲ್ಲ. ಅಂಗಡಿಯವನು ಹಳೇ ಬೀಜವನ್ನು ಹೊಸ ಚೀಲಕ್ಕೆ ತುಂಬಿ ಮಾರಿದ್ದನಂತೆ. ಹುಟ್ಟಿದ್ದೂ ಮಳೆ ಇಲ್ಲದೆ ಹೋಯಿತು. ಅಜ್ಜಿ "ಎಲ್ಲಾ ಹಣೆಬರಹ" ಅಂತಾರೆ. ಹಾಗಾದ್ರೆ ಅಂಗಡಿಯವನನ್ನು ಬೈಯೋದು ತಪ್ಪಾ? ದೇವರು ಇದನ್ನೆಲ್ಲ ಯಾಕೆ ಬಿಟ್ಟ?
(ಚಳ್ಳಕೆರೆಯ ಓದುಗರು)

ಉತ್ತರ: ಧಾರಾಳವಾಗಿ ಬೈಯಿರಿ.

ಪ್ರತಿಯೊಂದಕ್ಕೂ ಹಿಂದೆ ಒಂದು ಕಾರಣ ಇದ್ದೇ ಇರುತ್ತದೆ ಅನ್ನೋದು ನಿಯತಿವಾದ. ಜಗತ್ತಿನ ಒಂದೊಂದು ಕಣವೂ ಎಲ್ಲಿದೆ, ಅದರ ಮೇಲೆ ಯಾವ ಬಲ ಇದೆ ಅಂತ ಬಲ್ಲ ಬುದ್ಧಿಗೆ ನಾಳೆಯೂ ಕಾಣುತ್ತದೆ ಎಂದು ಫ್ರಾನ್ಸಿನ ಗಣಿತಜ್ಞ ಲಾಪ್ಲಾಸ್ 1814ರಲ್ಲಿ ಬರೆದ. ಹಣೆಬರಹ ಅನ್ನೋದು ಬೇರೆ ಮಾತು. ಏನೇ ಮಾಡಿದರೂ ಆಗೋದು ಆಗೇ ಆಗುತ್ತದೆ ಅನ್ನುತ್ತದೆ ಅದು. ಆದರೆ ಬಿತ್ತದೆ ಬೆಳೆ ಬರಲ್ಲ ಅಲ್ವಾ? ನಾವು ಮಾಡೋದೂ ಕಾರಣಗಳಲ್ಲಿ ಒಂದು. ಯಾರೂ ಕಟ್ಟಿಹಾಕಿರದ ಮನುಷ್ಯ ತನ್ನ ಇಷ್ಟದಂತೆ ನಡೆದರೆ ಅದೇ ಸ್ವಾತಂತ್ರ್ಯ ಎಂದ ಸ್ಕಾಟ್ಲೆಂಡಿನ ತತ್ವಜ್ಞಾನಿ ಡೇವಿಡ್ ಹ್ಯೂಮ್. ಎಲ್ಲರೂ ಇದನ್ನು ಒಪ್ಪಿಲ್ಲ, ನಾನು ಒಪ್ಪುತ್ತೇನೆ. ಅಂಗಡಿಯವನ ದುರಾಸೆಗೂ ಕಾರಣ ಇದ್ದೀತು. ಆದರೂ ಚೀಲ ಹೊಲಿದದ್ದು ಅವನೇ.

ಕೇಡು ಬರೋದು ಮನುಷ್ಯರ ಆಯ್ಕೆಯಿಂದ, ದೇವರಿಂದಲ್ಲ ಎಂದು ಹಿಂದಿನ ಕಾಲದ ಕ್ರೈಸ್ತ ಚಿಂತಕ ಸಂತ ಅಗಸ್ಟೀನ್ ವಾದಿಸಿದ್ದ. ಅಂಗಡಿಯವನಿಗೆ ಈ ಮಾತು ಸರಿಹೊಂದುತ್ತದೆ. ಮಳೆಗೆ ಹೊಂದುತ್ತದಾ? ಬರದ ವರ್ಷ ನಮ್ಮ ಕಡೆ ಶೇಂಗಾ ಗಿಡ ಕಿತ್ತು ನೋಡಿದ್ದೇನೆ. ಮೇಲೆ ಇನ್ನೂ ಹಸಿರು. ಕಾಯಿ ಒತ್ತಿದರೆ ಪಟ್ ಅಂತ ಒಡೆಯುತ್ತದೆ, ಒಳಗೆ ಬರೀ ಜೊಳ್ಳು. ಅದನ್ನು ಯಾರೂ ಆರಿಸಿಕೊಂಡಿರಲಿಲ್ಲ.

ಶಂಕರಾಚಾರ್ಯರು ಬ್ರಹ್ಮಸೂತ್ರದ ಭಾಷ್ಯದಲ್ಲಿ (2.1.34) ದೇವರು ಒಬ್ಬರಿಗೆ ಸುಖ, ಒಬ್ಬರಿಗೆ ಕಷ್ಟ ಯಾಕೆ ಕೊಡುತ್ತಾನೆ ಅನ್ನೋ ಪ್ರಶ್ನೆಗೆ ಮಳೆಯನ್ನೇ ಹೋಲಿಕೆಗೆ ತಂದಿದ್ದಾರೆ. ಭತ್ತಕ್ಕೂ ಜವೆಗೋಧಿಗೂ ಸುರಿಯುವ ಮಳೆ ಒಂದೇ, ಬೆಳೆ ಬೇರೆಯಾಗೋದು ಬೀಜದ ಗುಣದಿಂದ. ದೇವರು ಆ ಮಳೆಯಂತೆ, ಬೀಜ ನಮ್ಮ ಕರ್ಮ. ಹಾಗಾದ್ರೆ ಮೊಟ್ಟಮೊದಲ ಬೀಜ ಎಲ್ಲಿಂದ ಬಂತು? ಸಂಸಾರಕ್ಕೆ, ಅಂದರೆ ಹುಟ್ಟು ಸಾವಿನ ಈ ಸುತ್ತಿಗೆ, ಆದಿಯೇ ಇಲ್ಲ ಅನ್ನುತ್ತದೆ ಮುಂದಿನ ಸೂತ್ರ.

ಹೋಲಿಕೆ ತುಂಬಾ ಚೆನ್ನಾಗಿದೆ. ಆದರೆ ಬೆಳೆ ಕಳೆದುಕೊಂಡವರ ಮುಂದೆ ನಿಂತು "ನಿಮ್ಮ ಕರ್ಮ" ಅನ್ನೋಕೆ ನನಗೆ ಬಾಯಿ ಬರಲ್ಲ. ದೇವರು ಯಾಕೆ ಬಿಟ್ಟ ಅನ್ನೋ ನಿಮ್ಮ ಪ್ರಶ್ನೆ ಮಳೆಯ ವಿಷಯದಲ್ಲಿ ಹಾಗೇ ಉಳಿಯುತ್ತದೆ.

ಬೀಜದ ವಿಷಯ ಹಾಗಲ್ಲ. ಬಿಲ್ಲು, ಖಾಲಿ ಚೀಲ, ಅದರ ಮೇಲಿನ ಚೀಟಿ ಇದ್ದರೆ ಎಸೆಯಬೇಡಿ. ರೈತ ಸಂಪರ್ಕ ಕೇಂದ್ರಕ್ಕೆ ಬರೆದು ಕೊಡಿ. ಜಿಲ್ಲಾ ಗ್ರಾಹಕರ ಆಯೋಗಕ್ಕೂ ಹೋಗಬಹುದು. ಅಜ್ಜಿಯನ್ನೂ ಜೊತೆಗೆ ಕರೆದುಕೊಂಡು ಹೋಗಿ.